ಹಳೇ ಫೈರ್‌ಪ್ಲೇಸ್‌ನಲ್ಲಿ ಸೌದೆ ಸ್ಟವ್ ಕೂರಿಸಬೇಕಾ? ಮೊದಲು ಗೋಡೆ ನೋಡಿ

ಇಂಗ್ಲೆಂಡಿನಲ್ಲಿ ವಿಕ್ಟೋರಿಯನ್ ಕಾಲದ ಸಾಲುಮನೆ ಕೊಂಡವರು ಚಳಿ ಶುರುವಾಗುತ್ತಿದ್ದಂತೆ ಸ್ಟವ್ ಅಂಗಡಿಗೆ ಓಡುತ್ತಾರೆ. ಬೇಡ. ನಿಮ್ಮ ಗೋಡೆಯಲ್ಲಿ ಈಗ ಕಾಣುವ ಫೈರ್‌ಪ್ಲೇಸಿನ ಪುಟ್ಟ ಬಾಯಿ ಹೆಚ್ಚಾಗಿ ಅಸಲು ಬಾಯಿ ಅಲ್ಲ, ಅದರ ಹಿಂದೆ ದೊಡ್ಡ ಗೂಡೇ ಇರುತ್ತದೆ. ಅದನ್ನು ಬಿಚ್ಚಿ ಅಳತೆ ತೆಗೆದ ಮೇಲೆ ಸ್ಟವ್ ಆರಿಸಿ.

ಮೊದಲು ಚಿಮಣಿ ಗುಡಿಸುವವರನ್ನು ಕರೆಸಿ. ಮಸಿ, ಹಕ್ಕಿಗೂಡು ಎಲ್ಲ ಇಳಿಯಲಿ. ಹೊಗೆ ಬಿಟ್ಟು ಎಲ್ಲಾದರೂ ಸೋರುತ್ತಾ ಅಂತ ಅವರಿಂದಲೇ ನೋಡಿಸಿಬಿಡಿ.

ಆಮೇಲೆ ಒಡೆಯುವ ಕೆಲಸ. ಬಾಯಿಗೆ ಹಳೇ ಬೋರ್ಡ್ ಹೊಡೆದು ಮುಚ್ಚಿದ್ದರೆ ಕೈ ಹಚ್ಚಬೇಡಿ, ಅದು ಆಸ್‌ಬೆಸ್ಟಾಸ್ ಆಗಿರಬಹುದು, ಪರೀಕ್ಷೆ ಮಾಡಿಸಿ. ಎರಕದ ಕಬ್ಬಿಣದ ಚೌಕಟ್ಟಿದ್ದರೆ ಅದನ್ನು ಹಿಡಿದಿರುವ ಸ್ಕ್ರೂಗಳು ಪಕ್ಕದ ಪ್ಲಾಸ್ಟರ್ ಒಳಗೆ ಹೂತಿರುತ್ತವೆ. ತುಂಬಾ ಭಾರ, ಒಬ್ಬರೇ ಇಳಿಸಲು ಹೋಗಬೇಡಿ. ಹಿಂದಿನ ಬೆಂಕಿ ಇಟ್ಟಿಗೆ ಕಿತ್ತರೆ ಅದರ ಬೆನ್ನಿಗೆ ತುಂಬಿದ ಕಲ್ಲುಮಣ್ಣು ಮೂಟೆಗಟ್ಟಲೆ ಸುರಿಯುತ್ತದೆ. ಮಾಸ್ಕ್ ಇಲ್ಲದೆ ಈ ಕೆಲಸ ಬೇಡವೇ ಬೇಡ.

ಈಗ ಲಿಂಟಲ್, ಅಂದರೆ ಬಾಯಿಯ ಮೇಲೆ ಭಾರ ಹೊರುವ ಅಡ್ಡಪಟ್ಟಿ. ಜನ ಎಡವುವುದು ಇಲ್ಲೇ. ಎಷ್ಟೋ ಮನೆಗಳಲ್ಲಿ ಎರಡು ಲಿಂಟಲ್ ಇರುತ್ತವೆ: ಕೆಳಗಿನದು ಆಮೇಲೆ ಬಾಯಿ ಚಿಕ್ಕದು ಮಾಡಿದವರು ಹಾಕಿದ್ದು, ಮೇಲಿನದು ಮನೆ ಕಟ್ಟಿದಾಗಿನದು, ಹೆಚ್ಚಾಗಿ ಇಟ್ಟಿಗೆಯ ಕಮಾನು, ಅದರಡಿ ಒಂದು ಕಬ್ಬಿಣದ ಪಟ್ಟಿ. ಬಾಯಿಯ ಮೇಲೆ ಪ್ಲಾಸ್ಟರ್ ಕೆರೆದು ಕಣ್ಣಾರೆ ನೋಡಿ. ಮೇಲೆ ಕಮಾನು ಗಟ್ಟಿಯಾಗಿದ್ದರೆ ಕೆಳಗಿನದನ್ನು ತೆಗೆಯಬಹುದು. ಯಾವುದು ಯಾವುದನ್ನು ಹೊತ್ತಿದೆ ಅಂತ ಖಾತ್ರಿ ಇಲ್ಲದಿದ್ದರೆ ಒಂದೇ ಒಂದು ಇಟ್ಟಿಗೆಯನ್ನೂ ಎಳೆಯಬೇಡಿ, ಛಾವಣಿವರೆಗಿನ ಚಿಮಣಿ ಭಾರ ಅಲ್ಲೇ ಕೂತಿರುತ್ತದೆ, ಬಿಲ್ಡರ್‌ಗೆ ಕೊಡುವ ದುಡ್ಡು ಇಲ್ಲಿ ದಂಡ ಅಲ್ಲ. ಅಂದಕ್ಕೆ ಮರದ ತೊಲೆ ಬೇಕಾದರೆ, ಮರದಿಂದ ಎಷ್ಟು ದೂರ ಬಿಡಬೇಕು ಅಂತ ಸ್ಟವ್ ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನು ಓದಿ.

ಗೂಡಿನ ಒಳಗೆ ಮಾಮೂಲಿ ಜಿಪ್ಸಮ್ ಪ್ಲಾಸ್ಟರ್ ಬಳಿದರೆ ಬಿಸಿಗೆ ಬಿರುಕು ಬಿಡುತ್ತದೆ. ಮರಳು, ಸಿಮೆಂಟ್, ಸುಣ್ಣದ ಗಾರೆ ಸಾಕು.

ನೆಲಕ್ಕೆ ಬನ್ನಿ. ಸ್ಟವ್ ತನ್ನ ಕೆಳಗಿನ ನೆಲವನ್ನು 100 ಡಿಗ್ರಿ ದಾಟಿ ಬಿಸಿ ಮಾಡುವುದಿಲ್ಲ ಅಂತ ಕೈಪಿಡಿ ಹೇಳಿದರೆ 12 ಮಿಮೀ ದಪ್ಪದ, ಬೆಂಕಿ ಹಿಡಿಯದ ಕಲ್ಲು ಸಾಕು. ಇಲ್ಲದಿದ್ದರೆ 125 ಮಿಮೀ ಗಟ್ಟಿ ನೆಲ ಬೇಕು. ಈ ನೆಲ ಸ್ಟವ್‌ನಿಂದ ಆಚೆಗೂ ಚಾಚಿರಬೇಕು: ಬಾಗಿಲು ಮುಚ್ಚಿಯೇ ಉರಿಸುವ ಸ್ಟವ್ ಆದರೆ ಮುಂದೆ 225 ಮಿಮೀ, ತೆರೆದೂ ಉರಿಸಬಹುದಾದರೆ 300, ಪಕ್ಕಗಳಲ್ಲಿ 150.

ಚಿಮಣಿ ಒಳಗೆ ಸ್ಟೀಲ್ ಲೈನರ್, ಅಂದರೆ ಹೊಗೆ ಹೋಗುವ ಒಳಕೊಳವೆ, ಹಾಕಿಸಿ. ಹಳೇ ಗಾರೆ ಉದುರಿದ್ದರೆ ಹೊಗೆ ಮಹಡಿಯ ಮಲಗುವ ಕೋಣೆಗೋ ಪಕ್ಕದ ಮನೆಗೋ ನುಗ್ಗುತ್ತದೆ. ಬರೀ ಸೌದೆಗೆ 316 ಗ್ರೇಡ್ ಸಾಕು, ಹೊಗೆರಹಿತ ಕಲ್ಲಿದ್ದಲನ್ನೂ ಸುಡುವವರು 904 ತಗೊಳ್ಳಿ.

ಸ್ಟವ್ ಕೊಡುವ ಶಾಖ 5 ಕಿಲೋವ್ಯಾಟ್ ದಾಟಿದರೆ ಹಳೇ ಮನೆಯಲ್ಲೂ ಗೋಡೆಗೆ ಗಾಳಿಕಿಂಡಿ ಕಡ್ಡಾಯ. ಸುಮ್ನೆ ದೊಡ್ಡದು ಯಾಕೆ? ಚಿಕ್ಕ ಕೋಣೆಗೆ 5 ಜಾಸ್ತಿಯೇ ಆಯಿತು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಕಡ್ಡಾಯ, ಸ್ಟವ್‌ನಿಂದ 1ರಿಂದ 3 ಮೀಟರ್ ದೂರದಲ್ಲಿ ಇರಲಿ.

ಸ್ಟವ್ ಕೂರಿಸುವವರನ್ನು ನೋಂದಾಯಿಸುವ ಹೆಟಾಸ್ ಸಂಸ್ಥೆಯಲ್ಲಿ ಹೆಸರಿರುವವರಿಂದ ಮಾಡಿಸಿದರೆ ಸರ್ಟಿಫಿಕೇಟ್ ಬರುತ್ತದೆ. ನೀವೇ ಮಾಡುವುದಾದರೆ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್‌ಗೆ ಮೊದಲೇ ತಿಳಿಸಬೇಕು. ಮನೆ ಮಾರುವಾಗ ಈ ಕಾಗದ ಕೇಳುತ್ತಾರೆ. ನಿಮ್ಮದು ಚಿಮಣಿ ಹೊಗೆಗೆ ಕಡಿವಾಣ ಇರುವ ಹೊಗೆ ನಿಯಂತ್ರಣ ಪ್ರದೇಶವಾ ಅಂತಲೂ ನೋಡಿ. 1952ರ ಲಂಡನ್ ಹೊಗೆಮಂಜಿನ ನಂತರ, 1956ರಲ್ಲಿ ಬಂದ ಕಾನೂನಿನಿಂದ ಶುರುವಾದ ನಿಯಮ ಅದು. ಅಲ್ಲಿ ಸೌದೆ ಉರಿಸಲು ಡೆಫ್ರಾ (ಸರ್ಕಾರದ ಪರಿಸರ ಇಲಾಖೆ) ವಿನಾಯಿತಿ ಇರುವ ಸ್ಟವ್ವೇ ಬೇಕು.

ಸೌದೆಯ ತೇವ ಶೇ. 20ರ ಒಳಗಿರಲಿ. ಮೊದಲ ಕೆಲವು ಸಲ ಸಣ್ಣ ಉರಿ ಮಾತ್ರ ಹಾಕಿ, ಕಿಟಕಿ ತೆರೆದಿಡಿ, ಸ್ಟವ್‌ನ ಹೊಸ ಬಣ್ಣ ಬಿಸಿಯಾಗುವಾಗ ವಾಸನೆ ಜೋರಾಗಿಯೇ ಬರುತ್ತದೆ.