ವ್ಯಾಗನ್ ಆರ್‌ಗೆ ಗ್ಯಾಸ್ ಕಿಟ್: ನಾಜಲ್ ಬದಲಿಸಿದ ಮೇಲೆ ಹಿಡಿತಕ್ಕೆ ಬಂದ ಗಾಡಿ

1.1 ಲೀಟರ್ ಎಂಜಿನ್ನಿನ ನನ್ನ ಹಳೆಯ ವ್ಯಾಗನ್ ಆರ್ ಕಾರು ಗ್ಯಾಸಿನಲ್ಲೂ (ಎಲ್‌ಪಿಜಿ) ಪೆಟ್ರೋಲಿನಷ್ಟೇ ನಯವಾಗಿ ಓಡುತ್ತದೆ ಎಂದರೆ ತುಮಕೂರಿನ ಕೆಲವು ಮೇಸ್ತ್ರಿಗಳು ಈಗಲೂ ಬಾನೆಟ್ ಎತ್ತಿಸಿ ನೋಡುತ್ತಾರೆ. ಪಿಕಪ್ ಸಾಯುತ್ತದೆ, ವರ್ಷದೊಳಗೆ ಸಿಲಿಂಡರ್ ಸವೆದು ಎಂಜಿನ್ ಬೋರಿಗೆ ಬರುತ್ತದೆ ಎಂದು ಹೆದರಿಸಿದವರೂ ಅವರೇ. ಮಾರುತಿಯವರೇ 2006ರಲ್ಲಿ ಇದೇ ಎಂಜಿನ್ನಿಗೆ ಗ್ಯಾಸ್ ಜೋಡಿಸಿ ಡುಯೋ ಎಂದು ಮಾರಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲು ಹಾಕಿಸಿದ್ದು ಹದಿನೆಂಟು ಸಾವಿರದ ಆಸುಪಾಸಿನ ಮಿಕ್ಸರ್ ಕಿಟ್, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯಲ್ಲೇ ಗ್ಯಾಸ್ ಬೆರೆಸುವಂಥದ್ದು. ಏರು ಹತ್ತುವಾಗ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಬ್ಯಾಕ್‌ಫೈರ್ ಆಗುತ್ತಿತ್ತು, ಗಾಳಿಯ ದಾರಿಯಲ್ಲೇ ಗ್ಯಾಸ್ ಸಿಡಿಯುತ್ತಿತ್ತು. ಒಮ್ಮೆ ಏರ್ ಫಿಲ್ಟರ್ ಡಬ್ಬಿಯೇ ಸೀಳಿಹೋಯಿತು. ಅದನ್ನು ಗುಜರಿಯ ಬೆಲೆಗೆ ಕೊಟ್ಟು ಪ್ರತಿ ಸಿಲಿಂಡರಿಗೂ ಸರದಿಯಂತೆ ಬೇರೆ ಬೇರೆ ಇಂಜೆಕ್ಟರಿನಿಂದ ಗ್ಯಾಸ್ ಬಿಡುವ ಸೀಕ್ವೆನ್ಷಿಯಲ್ ಕಿಟ್ ತಂದೆ. ಟ್ಯಾಂಕ್ ಮತ್ತು ಆರ್‌ಸಿ ನಮೂದು ಸೇರಿ ನಲವತ್ತು ಸಾವಿರ ದಾಟಿತು. ಆದರೂ ಐಡಲಿಂಗ್ ಕುಣಿಯುತ್ತಿತ್ತು. ಜೋಡಿಸಿದವರು ಸ್ಕ್ರೂ ತಿರುಗಿಸಿ ಸದ್ದು ಕೇಳಿಯೇ ಟ್ಯೂನ್ ಮಾಡುತ್ತಿದ್ದರು, ಪ್ರತಿ ಬಾರಿಯೂ ಐನೂರು ರೂಪಾಯಿ.

ಕೊನೆಗೆ ಕಿಟ್ಟಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ನಾನೇ ಕುಳಿತೆ. ಬಿಸಿ ಎಂಜಿನ್ನಿನ ಐಡಲಿಂಗ್‌ನಲ್ಲಿ ಪೆಟ್ರೋಲ್ ಇಂಜೆಕ್ಷನ್ ಸಮಯ (ಪ್ರತಿ ಸಲ ಇಂಧನ ಬಿಡಲು ಕಾರಿನ ಕಂಪ್ಯೂಟರ್ ಲೆಕ್ಕ ಹಾಕುವ ಹೊತ್ತು) ಸುಮಾರು 3 ಮಿಲಿಸೆಕೆಂಡ್ ಇದ್ದದ್ದು, ಗ್ಯಾಸಿಗೆ ಬದಲಾದೊಡನೆ ಎರಡಕ್ಕೆ ಇಳಿಯುತ್ತಿತ್ತು; ಅಂದರೆ ಗ್ಯಾಸ್ ಹೆಚ್ಚಾಗಿ ಹೋಗುತ್ತಿತ್ತು, ಅದನ್ನು ಸರಿದೂಗಿಸಲು ಕಂಪ್ಯೂಟರ್ ಸಮಯ ತಗ್ಗಿಸುತ್ತಿತ್ತು. ಇಂಜೆಕ್ಟರಿನಿಂದ ಗ್ಯಾಸ್ ಹೊರಬರುವ ನಾಜಲ್ ಕಳಚಿ ನೋಡಿದರೆ 2.2 ಮಿ.ಮೀ. ರಂಧ್ರ, ಇಷ್ಟು ಚಿಕ್ಕ ಎಂಜಿನ್ನಿಗೆ ಅದು ಅತಿಯಾಯಿತು. 1.8ರದ್ದು ಹಾಕಿ, ಇಂಜೆಕ್ಟರುಗಳ ಸಾಲನ್ನು (ರೈಲ್) ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಹತ್ತಿರಕ್ಕೆ ತಂದು, ಗೇಣುದ್ದವಿದ್ದ ಪೈಪುಗಳನ್ನು ನಾಲ್ಕು ಬೆರಳಿಗೆ ಕತ್ತರಿಸಿ, ಎಂಜಿನ್ನಿನ ಬಿಸಿನೀರಿನಿಂದ ದ್ರವ ಗ್ಯಾಸನ್ನು ಆವಿಯಾಗಿಸಿ ಒತ್ತಡ ತಗ್ಗಿಸುವ ರೆಡ್ಯೂಸರಿನ ಒತ್ತಡವನ್ನು 1 ಬಾರ್‌ಗಿಂತ ತುಸು ಮೇಲಿಟ್ಟ ಮೇಲೆ, ಎರಡು ಇಂಧನಗಳಲ್ಲೂ ಆ ಸಮಯ ಹೆಚ್ಚುಕಡಿಮೆ ಒಂದೇ ಆಯಿತು. ನಾಲ್ಕು ಸಾವಿರ ಆರ್‌ಪಿಎಮ್ ಮೇಲೆ ಮ್ಯಾಪನ್ನು (ಗ್ಯಾಸಿನ ಪ್ರಮಾಣ ನಿಗದಿ ಮಾಡುವ ಪಟ್ಟಿ) ಎಷ್ಟು ಎತ್ತಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಪಿಕಪ್ಪಿನ ಗುಟ್ಟು ಅಲ್ಲಿದೆ.

ರೆಡ್ಯೂಸರನ್ನು ರೇಡಿಯೇಟರ್ ಮಟ್ಟಕ್ಕಿಂತ ಕೆಳಗೆ ಕೂರಿಸುವುದನ್ನು ಮರೆಯಬಾರದು, ಇಲ್ಲವಾದರೆ ಬಿಸಿನೀರಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡು ಅದರ ಮೈಮೇಲೆ ಹಿಮ ಕಟ್ಟುತ್ತದೆ. ನಡುವೆ ದುಬಾರಿ ಇರಿಡಿಯಮ್ ಪ್ಲಗ್ಗನ್ನೂ ಹಾಕಿ ನೋಡಿದೆ. ಸಾಮಾನ್ಯ ಪ್ಲಗ್ಗಿನ ಗ್ಯಾಪನ್ನು 0.7 ಮಿ.ಮೀ.ಗೆ ಇಳಿಸಿದಾಗ ಸಿಕ್ಕಿದ್ದಕ್ಕಿಂತ ಹೆಚ್ಚೇನೂ ಸಿಗಲಿಲ್ಲ.

ಪೆಟ್ರೋಲಿನಲ್ಲಿ ಲೀಟರಿಗೆ ಹದಿನೈದು ಕಿ.ಮೀ. ಬರುತ್ತಿದ್ದದ್ದು ಗ್ಯಾಸಿನಲ್ಲಿ ಹನ್ನೆರಡೂವರೆಗೆ ಇಳಿದಿದೆ. ಪೆಟ್ರೋಲ್ ನೂರಮೂರು, ಗ್ಯಾಸ್ ಅರವತ್ತರ ಹತ್ತಿರ ಇದ್ದಾಗ ಕಿ.ಮೀ.ಗೆ ಎರಡು ರೂಪಾಯಿ ಉಳಿಯುತ್ತಿತ್ತು. ಇಪ್ಪತ್ತು ಸಾವಿರ ಕಿ.ಮೀ. ಓಡುವಷ್ಟರಲ್ಲಿ ಎರಡನೆಯ ಕಿಟ್ಟಿನ ಹಣ ಬಂತು, ಮಿಕ್ಸರಿನದ್ದು ಹೋದದ್ದೇ. ಬೋರ್‌ ಭಯವಿದ್ದವರಿಗೆ ಹೇಳುವುದಾದರೆ, ಕಂಪ್ರೆಷನ್ ಮೊದಲಿನಷ್ಟೇ ಇದೆ; ಗ್ಯಾಸಿಗೆ ಸವೆಯುವುದು ವಾಲ್ವ್ ಸೀಟು, ಆದ್ದರಿಂದ ಪ್ರತಿ ಇಪ್ಪತ್ತು ಸಾವಿರಕ್ಕೊಮ್ಮೆ ವಾಲ್ವ್ ಒತ್ತುವ ಟ್ಯಾಪೆಟ್ಟಿನ ಗ್ಯಾಪ್ ನೋಡಿಸುತ್ತೇನೆ.