ದೂರ ತಿಳಿದಿದ್ದರೆ ಹಾರಾಟದ ಸಮಯವನ್ನು ಅಂದಾಜಿಸುವ ಬಗೆ

ಎರಡು ನಗರಗಳ ನಡುವಿನ ನೇರ ವೈಮಾನಿಕ ದೂರವನ್ನು (ಕಿ.ಮೀ.ಗಳಲ್ಲಿ), ಪೂರ್ವಕ್ಕೆ ಹೋಗುವಾಗ 850ರಿಂದಲೂ ಪಶ್ಚಿಮಕ್ಕೆ ಮರಳುವಾಗ 650ರಿಂದಲೂ ಭಾಗಿಸಿ, ಬಂದ ಉತ್ತರಕ್ಕೆ ಅರ್ಧ ಗಂಟೆ ಸೇರಿಸಿದರೆ ತಡೆರಹಿತ ವಿಮಾನದ ಹಾರಾಟದ ಸಮಯ ಹೆಚ್ಚುಕಡಿಮೆ ಸಿಗುತ್ತದೆ. ದೆಹಲಿ ಮತ್ತು ಟೋಕಿಯೊ ನಡುವೆ ಸುಮಾರು 5,850 ಕಿ.ಮೀ. ದೂರವಿರುವುದರಿಂದ ಹೋಗುವಾಗ ಏಳೂವರೆ ಗಂಟೆ, ಬರುವಾಗ ಒಂಬತ್ತೂವರೆ ಗಂಟೆ ಎಂದು ಲೆಕ್ಕ ಹಾಕಬಹುದು. ಈ ಎರಡು ಗಂಟೆಗಳ ಅಂತರಕ್ಕೆ ಮುಖ್ಯ ಕಾರಣ, ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಬೇಸಿಗೆಯಲ್ಲಿ ಈ ಗಾಳಿ ದುರ್ಬಲವಾಗಿ ಉತ್ತರಕ್ಕೆ ಸರಿಯುವುದರಿಂದ ಮರಳುವ ಪ್ರಯಾಣ ತುಸು ಬೇಗ ಮುಗಿಯಬಹುದು. ಟಿಕೆಟ್‌ನಲ್ಲಿರುವ ಸಮಯವನ್ನು ನೇರವಾಗಿ ಕಳೆದು ನೋಡುವುದು ಮಾತ್ರ ಬೇಡ (ಬಹುತೇಕರು ಎಡವುವುದು ಇಲ್ಲಿಯೇ), ಏಕೆಂದರೆ ಅಲ್ಲಿ ಮುದ್ರಿತವಾಗಿರುವುದು ಆಯಾ ಊರಿನ ಸ್ಥಳೀಯ ಸಮಯ: ದೆಹಲಿಯಲ್ಲಿ ರಾತ್ರಿ 8ಕ್ಕೆ ಹೊರಟು ಟೋಕಿಯೊದಲ್ಲಿ ಬೆಳಿಗ್ಗೆ 7ಕ್ಕೆ ಇಳಿಯುವ ವಿಮಾನ ಹನ್ನೊಂದು ಗಂಟೆ ಹಾರಿದಂತೆ ಕಂಡರೂ, ಜಪಾನಿನ ಗಡಿಯಾರ ಮೂರೂವರೆ ಗಂಟೆ ಮುಂದಿರುವುದರಿಂದ ನಿಜವಾದ ಅವಧಿ ಏಳೂವರೆ ಗಂಟೆಯಷ್ಟೇ. ಸಮಭಾಜಕದ ಸಮೀಪದ ಮಾರ್ಗಗಳಲ್ಲಿ ಈ ಗಾಳಿಯ ಪ್ರಭಾವ ಅಷ್ಟಾಗಿ ಇಲ್ಲದಿರುವುದರಿಂದ ಎರಡೂ ದಿಕ್ಕಿಗೆ 800ರಿಂದ ಭಾಗಿಸಿದರೆ ಸಾಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿದಂತಹ ಸಂದರ್ಭಗಳಲ್ಲಿ ವಿಮಾನಗಳು ಸುತ್ತುಬಳಸಿ ಹೋಗಬೇಕಾಗುವುದರಿಂದ ಈ ಲೆಕ್ಕ ಕೈಕೊಡುತ್ತದೆ.