ಪಿಂಕ್ ಪ್ಯಾಂಥರ್ ನೋಡೋದಾದ್ರೆ ಎರಡನೆಯದರಿಂದ ಶುರು ಮಾಡಿ

ಹಳೇ ಪಿಂಕ್ ಪ್ಯಾಂಥರ್ ಸಿನಿಮಾಗಳನ್ನು ನೋಡೋ ಆಸೆ ಇದ್ದರೆ ಬಿಡುಗಡೆಯಾದ ಕ್ರಮದಲ್ಲೇ ಹೋಗಬೇಡಿ. 1963ರ ಮೊದಲನೆಯದರಲ್ಲಿ ಕಥೆಯೆಲ್ಲ ಡೇವಿಡ್ ನಿವೆನ್ ಮಾಡಿದ ವಜ್ರದ ಕಳ್ಳನ ಸುತ್ತ. ಎಡವಟ್ಟು ಇನ್‌ಸ್ಪೆಕ್ಟರ್ ಕ್ಲೂಸೊ ಆಗಿ ಪೀಟರ್ ಸೆಲ್ಲರ್ಸ್ ನಗಿಸುತ್ತಾರೆ ನಿಜ, ಆದರೆ ಸಿನಿಮಾ ಸ್ವಲ್ಪ ನಿಧಾನ.

ನನ್ನ ಪ್ರಕಾರ ಮೊದಲ ಸ್ಥಾನ 1964ರ 'ಎ ಶಾಟ್ ಇನ್ ದ ಡಾರ್ಕ್'ಗೆ. ಹೆಸರಲ್ಲಿ ಪ್ಯಾಂಥರ್ ಇಲ್ಲ ಅಂತ ಬಿಟ್ಟುಬಿಡಬೇಡಿ. ಕ್ಲೂಸೊನಿಂದ ತಲೆಕೆಡಿಸಿಕೊಳ್ಳುವ ಮೇಲಧಿಕಾರಿ ಡ್ರೈಫಸ್, ಮನೆಯಲ್ಲೇ ಅವನ ಮೇಲೆ ದಾಳಿ ಮಾಡುವ ಸೇವಕ ಕೇಟೊ, ಇಬ್ಬರೂ ಬರೋದು ಇಲ್ಲಿಂದಲೇ. ಕ್ಲೂಸೊ ವೇಷ ಮರೆಸಿಕೊಂಡು ಬಲೂನ್ ಮಾರಲು ನಿಲ್ಲುತ್ತಾನೆ. ಲೈಸೆನ್ಸ್ ಇಲ್ಲ ಅಂತ ಪೊಲೀಸರೇ ಅವನನ್ನು ವ್ಯಾನಿಗೆ ಹಾಕುತ್ತಾರೆ! ವೇಷ ಬದಲಾದರೂ ಮತ್ತೆ ಅದೇ ವ್ಯಾನ್.

ಎರಡನೆಯದು 1976ರ 'ಸ್ಟ್ರೈಕ್ಸ್ ಅಗೇನ್'. ಕಥೆಗೆ ತಲೆಬುಡ ಇಲ್ಲ, ಬೇಕಾಗಿಯೂ ಇಲ್ಲ. ಕ್ಲೂಸೊ "ನಿಮ್ಮ ನಾಯಿ ಕಚ್ಚುತ್ತಾ?" ಅಂತ ಕೇಳುವ ದೃಶ್ಯ ಇದರಲ್ಲೇ ಇರೋದು. ಹೋಟೆಲಿನವನು ಇಲ್ಲ ಅಂತಾನೆ, ನಾಯಿ ಕಚ್ಚುತ್ತೆ. ಅದು ನನ್ನ ನಾಯಿ ಅಲ್ಲ ಅಂತಾನೆ ಅವನು, ಮುಖದಲ್ಲಿ ಒಂಚೂರೂ ನಗು ಇಲ್ಲದೆ. ಆಮೇಲೆ 1975ರ 'ರಿಟರ್ನ್', ಅದಾದ ಮೇಲೆ 1963ರದು. 1978ರ 'ರಿವೆಂಜ್' ಟೈಮ್ ಇದ್ದರೆ ನೋಡಿ.

1982ರ 'ಟ್ರೇಲ್' ಮಾತ್ರ ಬೇಡ. ಸೆಲ್ಲರ್ಸ್ 1980ರಲ್ಲೇ ತೀರಿಕೊಂಡಿದ್ದರು. ಹಳೇ ಸಿನಿಮಾಗಳಲ್ಲಿ ಉಳಿದ ತುಣುಕುಗಳನ್ನು ಜೋಡಿಸಿ ಮಾಡಿದ್ದು. ನೋಡಿದರೆ ಬೇಜಾರಾಗುತ್ತೆ ಅಷ್ಟೇ.

ಮಕ್ಕಳ ಜೊತೆ ನೋಡ್ತೀರಾ? ಹಾಗಾದ್ರೆ 'ರಿಟರ್ನ್' ಮೊದಲು ಹಾಕಿ. 1964ರದರಲ್ಲಿ ಬಟ್ಟೆ ಹಾಕದವರ ಕ್ಯಾಂಪಿನ ದೃಶ್ಯ ಇದೆ, ಅಜ್ಜಿನೂ ಪಕ್ಕದಲ್ಲಿದ್ದರೆ ಕಷ್ಟ ಅಲ್ವಾ!